ಮಾರು, ಮೀಟರು

ಕಿಶನನ ಬಲಗೈಯ ನಾಲ್ಕು ಬೆರಳು ಹೋದದ್ದು ಬೇಲೇಕೇರಿಯ ದಡದ ತೆಂಗಿನಮರಗಳು ಕಣ್ಣಿಗೆ ಕಾಣುವಷ್ಟು ಹತ್ತಿರದ ನೀರಿನಲ್ಲಿ. ನವೆಂಬರಿನ ಬೆಳಗು. ಅವನು ತನ್ನ ಸಣ್ಣ ದೋಣಿಯಲ್ಲಿ ಒಬ್ಬನೇ ಕೂತು, ಹಿಂದಿನ ಸಂಜೆ ಬಿಟ್ಟ ಬಲೆಯನ್ನು ಎತ್ತುತ್ತಿದ್ದ. ತುಳಸಿದಾಸನ ಟ್ರಾಲ್ ಬೋಟು ಕಡಲಿನ ತಳ ಬಾಚುತ್ತ, ದೊಡ್ಡ ಬಲೆಯನ್ನು ಬೆನ್ನಿಗೆ ಎಳೆದುಕೊಂಡು ಅದೇ ದಾರಿಯಲ್ಲಿ ಬಂತು. ಕಿಶನ ಕೂಗಿದ. ಅಂಗಿ ಬಿಚ್ಚಿ ಬೀಸಿದ. ಬೋಟು ನಿಲ್ಲಲಿಲ್ಲ. ದೊಡ್ಡ ಬಲೆ ಸಣ್ಣ ಬಲೆಯನ್ನು ಸಿಕ್ಕಿಸಿಕೊಂಡು ಎಳೆಯತೊಡಗಿದಾಗ, ದೋಣಿ ಮಗುಚಬಾರದೆಂದು ಅವನು ಹಗ್ಗ ಬಿಚ್ಚಲು ಹೋದ. ಹಗ್ಗ ಅಂಗೈಗೆ ಸುತ್ತಿಕೊಂಡು ಬಿಗಿಯಿತು. ಹೆಬ್ಬೆರಳೊಂದು ಉಳಿಯಿತು.

ಅವನು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಕೇರಿಯ ಹಿರಿಯರು ದೇವಸ್ಥಾನದ ಜಗಲಿಯಲ್ಲಿ ಸೇರಿದರು. ಹತ್ತು ಮಾರಿಗಿಂತ ಕಡಿಮೆ ಆಳದ ನೀರಿಗೆ ದೊಡ್ಡ ಬೋಟು ಬರಬಾರದು, ಅದು ಸಣ್ಣ ದೋಣಿಯವರ ಜಾಗ ಎಂದು ಕೇರಿಯವರೇ ಕಟ್ಟು ಮಾಡಿಕೊಂಡಿದ್ದರು. ಮಾರು ಅಂದರೆ ಎರಡೂ ಕೈ ಚಾಚಿ ನಿಂತಾಗ ಈ ಕೈಯ ಬೆರಳ ತುದಿಯಿಂದ ಆ ಕೈಯ ಬೆರಳ ತುದಿಗೆ ಆಗುವಷ್ಟು, ಸುಮಾರು ಆರು ಅಡಿ. ಬೇಲೇಕೇರಿಯಲ್ಲಿ ಕಡಲಿನ ಆಳವನ್ನು ಅಜ್ಜಂದಿರ ಕಾಲದಿಂದ ಹೇಳುತ್ತ ಬಂದದ್ದು ಮಾರಿನಲ್ಲೇ.

ಯಜಮಾನ ನಾಗಜ್ಜ ಮೊದಲು ಕಿಶನನನ್ನು ಕೇಳಿದ.

"ನನ್ನ ಲಂಗರಿನ ಹಗ್ಗ ಇದ್ದದ್ದೇ ಏಳು ಮಾರು, ಅಜ್ಜಾ," ಎಂದ ಕಿಶನ. "ಅದು ತಳಕ್ಕೆ ಮುಟ್ಟಿ ಮತ್ತೂ ಸಡಿಲ ಇತ್ತು. ಹತ್ತು ಮಾರು ಎಲ್ಲಿಂದ ಬರೂಕೆ?"

ಆ ಹಗ್ಗ ತೋರಿಸಲು ಅವನ ಹತ್ತಿರ ಇರಲಿಲ್ಲ. ಬಲೆಯ ಜೊತೆ ಅದೂ ಹೋಗಿತ್ತು.

ತುಳಸಿದಾಸ ಎದ್ದು ನಿಂತ. ಎತ್ತರದ ಆಳು, ಮೆಲ್ಲಗೆ ಮಾತಾಡುವವನು. "ನಾನು ಬಾಯಿಮಾತು ಹೇಳೂದಿಲ್ಲ. ಬೋಟಿನಲ್ಲಿ ಆಳ ತೋರಿಸೂ ಮಶೀನು ಅದೆ. ಆಗ ಅದು ಹನ್ನೆರಡು ತೋರಿಸ್ತಿತ್ತು. ಬೇಕಾದ್ರೆ ಮಂಜುನ ಕೇಳಿ."

ಮಂಜು ಆ ಬೋಟಿನ ಖಲಾಸಿ. ಸುಳ್ಳು ಹೇಳುವ ಮನುಷ್ಯನಲ್ಲ ಎಂದು ಕೇರಿಗೆಲ್ಲ ಗೊತ್ತು. ಅವನು ಕಿಶನನ ಕೈಯ ಪಟ್ಟಿಯನ್ನು ನೋಡಲಾಗದೆ ನೆಲ ನೋಡುತ್ತ ಹೇಳಿದ: "ಚಾ ಕೊಡೂಕೆ ಕ್ಯಾಬಿನ್ನಿಗೆ ಹೋಗಿದ್ದೆ. ಮಶೀನಿನಲ್ಲಿ ಹನ್ನೆರಡೇ ಇತ್ತು. ದೇವರಾಣೆ."

ಅಲ್ಲಿಗೆ ಮಾತು ಮುಗಿಯಿತು. ಗಾಳಿಗೆ ದೋಣಿ ಹೊರಗೆ ತೇಲಿ ಹೋಗಿರಬೇಕು, ಕಿಶನನಿಗೆ ತಿಳಿಯಲಿಲ್ಲ ಎಂದು ಹಿರಿಯರು ತೀರ್ಮಾನಿಸಿದರು. ತಿಳಿಯದೆ ಇನ್ನೊಬ್ಬನ ಮೇಲೆ ಅಪವಾದ ಹೊರಿಸಿದ್ದು ತಪ್ಪಾಯಿತೆಂದು ಅವನು ದೇವರ ಮುಂದೆ ಹೇಳಬೇಕಾಯಿತು. ಪಟ್ಟಿ ಕಟ್ಟಿದ ಕೈಯನ್ನು ಇನ್ನೊಂದು ಕೈಗೆ ಸೇರಿಸಿ ಮುಗಿಯಲು ಹೋಗಿ, ಸೇರಿಸಲಾಗದೆ, ಹಾಗೇ ನಿಂತು ಹೇಳಿದ. ತುಳಸಿದಾಸ ಅವನ ಬೆನ್ನು ತಟ್ಟಿ, "ಹೋಗ್ಲಿ ಬಿಡು ತಮ್ಮಾ, ನಂಗೇನೂ ಸಿಟ್ಟಿಲ್ಲ," ಅಂದ.

ಕಂಬದ ಹಿಂದೆ ಹೆಂಗಸರ ನಡುವೆ ನಿಂತಿದ್ದ ಕಿಶನನ ಹೆಂಡತಿ ವೈಜಯಂತಿ ಅದನ್ನು ನೋಡಿದಳು. ಬೆರಳು ಹೋದದ್ದನ್ನು ಒಂದು ದಿನ ಕ್ಷಮಿಸಿಯಾಳೇನೋ, ಆ ಬೆನ್ನು ತಟ್ಟಿದ್ದನ್ನು ಮಾತ್ರ ಕ್ಷಮಿಸಲಾರಳು. ಅವತ್ತೇ ಅವಳಿಗೆ ಅದು ಗೊತ್ತಾಗಿತ್ತು.

ಮೊದಮೊದಲು ಕಿಶನ ಸಿಟ್ಟಿನಿಂದ ಉರಿಯುತ್ತಿದ್ದ. ಕ್ರಮೇಣ ಅವನ ಸಿಟ್ಟು ಇಳಿಯಿತು, ಅದರ ಜಾಗದಲ್ಲಿ ಬೇರೊಂದು ಬಂತು. ಊಟಕ್ಕೆ ಕೂತವನು ತುತ್ತು ಹಿಡಿದುಕೊಂಡೇ ಕೇಳುತ್ತಿದ್ದ: "ನಾನೇ ತೇಲಿದ್ನೇನೋ ಅಲ್ವನೇ? ಮಂಜು ಎಂತಕೆ ಸುಳ್ಳು ಹೇಳ್ತಾ?" ಹದಿನೈದನೇ ವಯಸ್ಸಿನಿಂದ ಆ ಕೊಲ್ಲಿಯ ನೀರಿನಲ್ಲಿ ಇಳಿದು ಹತ್ತಿದವನು. ಕಣ್ಣು ಮುಚ್ಚಿ ಕೂರಿಸಿದರೂ ದೋಣಿಯ ಅಲುಗಾಟದಿಂದ ಎಲ್ಲಿದ್ದೇನೆಂದು ಹೇಳಬಲ್ಲೆ ಎನ್ನುತ್ತಿದ್ದವನು. ಈಗ ಯಾರಾದರೂ ನೆರೆಯವರು, ಎಡಗೈಯಿಂದಲಾದರೂ ಬಾ, ಜೊತೆಗೆ ಹೋಗುವಾ ಎಂದು ಕರೆದರೆ, "ನಂಗೆ ಕಡಲು ಗೊತ್ತಾಗೂದಿಲ್ಲ ಮಾರಾಯಾ," ಎಂದುಬಿಡುತ್ತಿದ್ದ. ಕೈಯಿಲ್ಲವೆಂದು ಹೇಳುತ್ತಿರಲಿಲ್ಲ.

ವೈಜಯಂತಿ ಕಾರವಾರದ ಬೈತಖೋಲ ಬಂದರಿನಲ್ಲಿ ಬಲೆ ಕಟ್ಟುವ ಕೆಲಸಕ್ಕೆ ಹೋಗತೊಡಗಿದಳು. ಹೆದ್ದಾರಿಗೆ ನಡೆದು ಬಂದು ಅಂಕೋಲೆಯಿಂದ ಬರುವ ಬಸ್ಸು ಹತ್ತಿದರೆ ಬಿಸಿಲೇರುವ ಮೊದಲು ಬಂದರು ಸೇರುತ್ತಿದ್ದಳು. ಅವಳ ಕೈ ಚುರುಕು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಲೆಯ ಶೆಡ್ಡಿನ ಹೆಂಗಸರಿಗೆಲ್ಲ ಅವಳೇ ಮುಂದಾಳು. ಬೋಟಿನವರು ಬಂದರೆ ಅವಳ ಹತ್ತಿರವೇ ಹೇಳುತ್ತಿದ್ದರು.

ಆ ಶೆಡ್ಡಿನಲ್ಲಿ ಎಲ್ಲ ಅಳತೆಗಳೂ ಒಟ್ಟಿಗೇ ಬದುಕುತ್ತಿದ್ದವು. ಬಲೆಯ ಜಾಳಿಗೆ ಕಾರ್ಖಾನೆಯಿಂದ ಮೀಟರಿನಲ್ಲಿ ಬರುತ್ತಿತ್ತು. ಅದರ ಕಣ್ಣು ಮಿಲಿಮೀಟರಿನಲ್ಲಿ ಅಚ್ಚಾಗಿರುತ್ತಿತ್ತು, ಹೆಂಗಸರು ಅದನ್ನು ಇಂಚಿನಲ್ಲಿ ಹೇಳುತ್ತಿದ್ದರು. ಬೋಟಿನ ಉದ್ದ ಫೂಟಿನಲ್ಲಿ, ಡೀಸೆಲ್ ಲೀಟರಿನಲ್ಲಿ, ಬಲೆಯ ಆಳ ಮಾರಿನಲ್ಲಿ. ಊಟದ ಹೊತ್ತಿಗೆ ಬುತ್ತಿ ಬಿಚ್ಚಿದರೆ, ಒಂದು ಮೀಟರು ಬಟ್ಟೆ ಕೊಟ್ಟು ಮೂವತ್ತಾರು ಇಂಚಿನ ರವಿಕೆ ಕೇಳಿದ್ದೂ, ಮಗುವಿಗೆ ನೂರಾ ಎರಡು ಜ್ವರ ಬಂದದ್ದೂ, ಮೂರು ಗುಂಟೆ ಜಾಗದಲ್ಲಿ ಹತ್ತು ಫೂಟಿನ ಕೋಣೆ ಎಬ್ಬಿಸಿದ್ದೂ ಮಾತಿಗೆ ಬರುತ್ತಿತ್ತು. ಯಾವುದನ್ನು ಯಾವುದರಲ್ಲಿ ಹೇಳಬೇಕೆಂದು ಯಾರೂ ಯಾರಿಗೂ ಕಲಿಸಿದ್ದಿಲ್ಲ. ಬರೀ ಸಂಖ್ಯೆ ಹೇಳಿದರೆ ಸಾಕು, ಉಳಿದದ್ದು ಕೇಳುವವರಿಗೆ ತಾನಾಗಿ ತಿಳಿಯುತ್ತಿತ್ತು.

ಜುಲೈ ತಿಂಗಳು. ಬೋಟುಗಳೆಲ್ಲ ದಡಕ್ಕೆ ಕಟ್ಟಿಕೊಂಡಿದ್ದವು, ಶೆಡ್ಡಿನ ತಗಡಿನ ಮೇಲೆ ಮಳೆ ಹೊಡೆಯುತ್ತಿತ್ತು. ತುಳಸಿದಾಸ ಕೊಡೆ ಮಡಚುತ್ತ ಒಳಗೆ ಬಂದ. ಟ್ರಾಲ್ ಬೋಟು ಮಾರಿ ಇಬ್ಬರು ಪಾಲುದಾರರ ಜೊತೆ ದೊಡ್ಡ ಪರ್ಸಿನ್ ಬೋಟು ಕೊಂಡಿದ್ದ. ಮೀನಿನ ಹಿಂಡಿನ ಸುತ್ತ ಗೋಡೆಯ ಹಾಗೆ ಬಲೆ ಇಳಿಸಿ, ಕೆಳಗಿನ ಹಗ್ಗ ಎಳೆದು ಚೀಲದ ಬಾಯಿಯಂತೆ ಬಿಗಿದು ಹಿಡಿಯುವ ಬೋಟು ಅದು. ಬಲೆ ಹಿಂಡಿಗಿಂತ ಆಳಕ್ಕೆ ಇಳಿಯದಿದ್ದರೆ ಮೀನು ಕೆಳಗಿನಿಂದ ಜಾರಿ ಹೋಗುತ್ತದೆ.

"ವೈಜಯಂತಿ, ನಮ್ಮ ಬಲೆ ಇಪ್ಪತ್ತೈದು ಅದೆ," ಎಂದ ಅವನು. "ಈಗೀಗ ಮೀನು ಕೆಳಗೆ ಹೋಗ್ತದೆ. ಕೆಳಗಿನ ಅಂಚಿಗೆ ಸುತ್ತ ಹತ್ತು ಕೂಡಿಸು. ಆತದಲ್ಲ?"

"ಆತದೆ," ಅಂದಳು ಅವಳು. ಅವನ ಮುಖ ನೋಡಲಿಲ್ಲ. ಅವನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ.

ಅಷ್ಟರಲ್ಲಿ ಅವನ ಫೋನು ಹೊಡೆಯಿತು. ಪಾಲುದಾರನೊಬ್ಬ, ಹತ್ತು ಯಾಕೆ, ಐದು ಸಾಲದೇ ಎಂದು ಕೇಳುತ್ತಿದ್ದಿರಬೇಕು. ತುಳಸಿದಾಸ ಮಳೆಯ ಸದ್ದಿಗೆ ದನಿ ಏರಿಸಿ, ಬಾಗಿಲಿನ ಕಡೆ ತಿರುಗಿ ಹೇಳಿದ: "ಐದು ಸಾಲೂದಿಲ್ಲ ಮಾರಾಯಾ. ಮೇ ತಿಂಗಳಲ್ಲಿ ಮಶೀನು ಅರವತ್ತು ತೋರಿಸ್ತಿತ್ತು. ಅರವತ್ತು ಅಂದ್ರೆ ಮಾರಿನಲ್ಲಿ ಮೂವತ್ತಮೂರು ಹಿಡಿ. ಇಲ್ಲ, ಮಶೀನು ಹಳೇ ಬೋಟಿಂದೇ. ರತ್ನಾಗಿರಿಯಿಂದ ತಂದದ್ದು. ಮೊದಲಿಂದ ನಾನು ಹಾಗೇ ಲೆಕ್ಕ ಹಾಕೂದು."

ವೈಜಯಂತಿಯ ಕೈಯಲ್ಲಿದ್ದ ಬಲೆಯ ಸೂಜಿ ನಿಂತಿತು.

ಅರವತ್ತು ಮೂವತ್ತಮೂರಾಗುವುದು ಹೇಗೆ? ಮೀಟರಿನ ಜಾಳಿಗೆಯನ್ನು ಮಾರಿಗೆ ಇಳಿಸುವುದು ಅವಳ ದಿನದ ಕೆಲಸ. ತಡವಾಗಲಿಲ್ಲ. ಅವನ ಮಶೀನು ತೋರಿಸುವುದು ಮೀಟರು. ಟ್ರಾಲ್ ಬೋಟಿನಲ್ಲಿದ್ದಾಗಲೂ ಅದು ಮೀಟರನ್ನೇ ತೋರಿಸುತ್ತಿತ್ತು. ಹಾಗಾದರೆ ಅವತ್ತು ಮಂಜು ಕಂಡ ಹನ್ನೆರಡು? ಹನ್ನೆರಡು ಮೀಟರೆಂದರೆ ಆರೂವರೆ ಮಾರು. ಕಿಶನ ಹೇಳಿದ ಆಳ. ಹಗ್ಗ ಸಡಿಲವಾಗಿತ್ತು ಅಂದನಲ್ಲ, ಅದೇ ಆಳ.

ತುಳಸಿದಾಸ ಹನ್ನೆರಡು ಮಾರು ಅಂದಿರಲಿಲ್ಲ. ಹನ್ನೆರಡು ಅಂದಿದ್ದ, ಅಷ್ಟೇ. ಮಾರನ್ನು ಹಿರಿಯರು ತಾವಾಗಿ ಸೇರಿಸಿಕೊಂಡಿದ್ದರು. ಅವರು ಸೇರಿಸಿಕೊಳ್ಳುತ್ತಾರೆಂದು ಅವನಿಗೆ ಗೊತ್ತಿತ್ತು.

ಅವಳಿಗೆ ಎದ್ದು ಅವನ ಅಂಗಿ ಹಿಡಿದು ಬಂದರಿನ ನಡುವೆ ಎಳೆದುಕೊಂಡು ಹೋಗಿ ಕೂಗಬೇಕೆನ್ನಿಸಿತು. ಆದರೆ ಕೂಗಿದರೆ ಏನಾದೀತು? ಫೋನಿನಲ್ಲಿ ಆಡಿದ ಮಾತಿಗೆ ಶೆಡ್ಡಿನಲ್ಲಿ ಕಿವಿಗೊಟ್ಟದ್ದು ಅವಳೊಬ್ಬಳೇ. ನಾನು ಹಾಗೆ ಅಂದೇ ಇಲ್ಲ ಎಂದಾನು. ಮಶೀನಿನ ಗುಂಡಿ ಒತ್ತಿ ಮೀಟರನ್ನು ಮಾರಿಗೆ ಬದಲಾಯಿಸಿದರೆ ಮುಗಿಯಿತು. ಬೆರಳು ಕಳಕೊಂಡವನ ಹೆಂಡತಿ, ಪಾಪ, ಇನ್ನೂ ಮರೆತಿಲ್ಲ ಎಂದು ಕೇರಿಯವರು ಕನಿಕರಪಟ್ಟಾರು. ಆ ಕನಿಕರ ಅವಳಿಗೆ ಬೇಕಿರಲಿಲ್ಲ. ಅವನ ಬಾಯಿಂದಲೇ, ನಾಗಜ್ಜನ ಎದುರು, ಅದೇ ಜಗಲಿಯ ಮೇಲೆ ಆ ಮಾತು ಬರಬೇಕಿತ್ತು. ಅದಕ್ಕೂ ಮೊದಲು ಕಡಲಿನಲ್ಲಿ ಅವನು ಏನನ್ನಾದರೂ ಕಳಕೊಳ್ಳಬೇಕಿತ್ತು, ನಾಲ್ಕು ಜನ ನೋಡುವ ಹಾಗೆ.

ತುಳಸಿದಾಸ ಫೋನು ಕಿಸೆಗೆ ಹಾಕಿ ತಿರುಗಿದ. "ಹತ್ತು. ಮರೀಬೇಡ."

"ಹತ್ತು," ಅಂದಳು ವೈಜಯಂತಿ. "ಮರೆಯೂದಿಲ್ಲ."

ಜಾಳಿಗೆಯ ಅಳತೆ ಮೀಟರಿನಲ್ಲಿದ್ದರೂ ಬೆಲೆ ತೂಕದ ಮೇಲೆ. ಎಷ್ಟು ತರಿಸಬೇಕೆಂದು ಅವಳೇ ಹೇಳಿದಳು, ಅವನು ಅಷ್ಟನ್ನೇ ತರಿಸಿದ. ಬಂದ ಜಾಳಿಗೆಯನ್ನು ಅವಳು ಹತ್ತು ಮೀಟರಿಗೆ ಸರಿಯಾಗಿ ಕತ್ತರಿಸಿದಳು. ಹತ್ತು ಮಾರಿಗೆ ಹದಿನೆಂಟು ಮೀಟರು ಬೇಕು. ಶೆಡ್ಡಿನ ಈ ತುದಿಯಿಂದ ಆ ತುದಿಗೆ ಹೆಂಗಸರು ಸಾಲಾಗಿ ಕೂತು ಕಣ್ಣಿಗೆ ಕಣ್ಣು ಕೂಡಿಸತೊಡಗಿದರು.

ಮಂಜುವಿನ ಹೆಂಡತಿ ಮಂಗಲಾ ಪಕ್ಕದಲ್ಲೇ ಕೂರುತ್ತಿದ್ದಳು. ಎರಡನೆಯ ದಿನ ಜಾಳಿಗೆಯನ್ನು ಮೊಣಕಾಲ ಮೇಲೆ ಹರಡಿ, ಕೈ ಚಾಚಿ ಅಳೆದು ಕೇಳಿದಳು: "ವೈಜಯಂತಕ್ಕ, ಇದು ಹತ್ತು ಮಾರು ಆಗೂದಿಲ್ಲಲ್ಲ?"

"ಹತ್ತು ಮೀಟರು."

"ತುಳಸಿದಾಸಣ್ಣ ಮಾರು ಅಂದಿರ್ಬೇಕು."

"ಹತ್ತು ಅಂದ. ನಿನ್ನ ಎದುರೇ ಅಂದದ್ದಲ್ಲ? ಮಾರು ಅಂದ್ನಾ?"

ಮಂಗಲಾ ಯೋಚಿಸಿದಳು. "ಅನ್ಲಿಲ್ಲ," ಎಂದಳು. ಆಮೇಲೆ ವೈಜಯಂತಿಯ ಮುಖವನ್ನು ಬಹಳ ಹೊತ್ತು ನೋಡಿದಳು. "ನಮ್ಮವರೂ ಅದೇ ಬೋಟಿಗೆ ಹೋಗೂದು, ಅಕ್ಕ."

"ಗೊತ್ತದೆ," ಎಂದಳು ವೈಜಯಂತಿ. ಸೂಜಿ ನಿಲ್ಲಿಸಲಿಲ್ಲ.

ಮಂಗಲಾ ಮತ್ತೆ ಕೇಳಲಿಲ್ಲ. ಮುಂದಾಳು ಹೇಳಿದ ಹಾಗೆ ಕಟ್ಟಿದಳು. ಮುಗಿದ ಬಲೆಯನ್ನು ಬೋಟಿಗೆ ಏರಿಸುವಾಗ ಅದು ಗುಡ್ಡದಷ್ಟು ದೊಡ್ಡ ರಾಶಿ. ನಾಲ್ಕೂವರೆ ಮಾರು ಕಡಿಮೆ ಇದೆ ಎಂದು ಆ ರಾಶಿ ನೋಡಿ ಯಾರಿಗೂ ತಿಳಿಯುವಂತಿರಲಿಲ್ಲ.

ಮನೆಯಲ್ಲಿ ಕಿಶನನಿಗೆ ಅವಳು ಏನನ್ನೂ ಹೇಳಲಿಲ್ಲ. ಅವನ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ಕೇಳಿದ ಗಳಿಗೆಯಲ್ಲೇ ತುಳಸಿದಾಸನ ಮನೆಯಂಗಳಕ್ಕೆ ಓಡುತ್ತಾನೆ, ಎಲ್ಲ ಹಾಳಾಗುತ್ತದೆ ಎಂದು ಅವಳ ಲೆಕ್ಕ. ಅವನು ಗಂಜಿಯ ಮುಂದೆ ಕೂತು, "ನಾನೇ ತೇಲಿದ್ನೇನೋ," ಎಂದಾಗೆಲ್ಲ ಅವಳು ಎದ್ದು ಒಳಗೆ ಹೋಗುತ್ತಿದ್ದಳು. ಇನ್ನು ಸ್ವಲ್ಪ ದಿನ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಆಗಸ್ಟಿನಲ್ಲಿ ಬೋಟುಗಳು ಇಳಿದವು. ಮೊದಲ ವಾರಗಳಲ್ಲಿ ಮೀನು ಮೇಲೆಯೇ ಇತ್ತು. ತುಳಸಿದಾಸನಿಗೆ ಎಲ್ಲರಂತೆ ತಾರ್ಲೆ ಮೀನು ಸಿಕ್ಕಿತು. ಬೋಟು ತುಂಬಿ ಬಂದ ದಿನಗಳಲ್ಲಿ ವೈಜಯಂತಿಗೆ ಅನ್ನ ಇಳಿಯುತ್ತಿರಲಿಲ್ಲ.

ಚೌತಿ ಕಳೆದ ಮೇಲೆ ಒಂದು ಬೆಳಗ್ಗೆ ದೇವಗಡ ದ್ವೀಪವನ್ನೂ ದಾಟಿ ಬಹಳ ಹೊರಗೆ ಬಂಗಡೆಯ ಭಾರೀ ಹಿಂಡು ಕಂಡಿತು. ಬೈತಖೋಲದ ನಾಲ್ಕು ಬೋಟುಗಳು ಅಲ್ಲಿಗೆ ಓಡಿದವು. ಹಿಂಡು ಬೋಟುಗಳ ಸದ್ದಿಗೆ ಕೆಳಗಿಳಿಯುತ್ತಿತ್ತು. ಮೊದಲು ಮುಟ್ಟಿದವನು ತುಳಸಿದಾಸ, ಒಳ್ಳೆಯ ಜಾಗ ಹಿಡಿದವನೂ ಅವನೇ. ಮಶೀನಿನಲ್ಲಿ ಹಿಂಡಿನ ಕೆಂಪು ಗುರುತು ಅರವತ್ತರವರೆಗೆ ಇಳಿದಿತ್ತು. ತನ್ನ ಬಲೆ ಮೂವತ್ತೈದು ಮಾರು, ಅಂದರೆ ಅರವತ್ತನಾಲ್ಕು ಮೀಟರು, ಹಿಂಡಿನ ಅಡಿಗೆ ಹೋಗಿಯೇ ಹೋಗುತ್ತದೆ ಎಂದು ಅವನು ಧೈರ್ಯವಾಗಿ ಸುತ್ತು ಹಾಕಿದ. ಬಲೆ ಇಳಿಯಿತು, ಹಗ್ಗ ಎಳೆದರು. ಎಳೆಯುತ್ತಿದ್ದ ಮಂಜುವಿಗೆ ಮೊದಲು ಗೊತ್ತಾಯಿತು, ಕೈಗೆ ಭಾರ ಬರುತ್ತಿಲ್ಲ ಎಂದು. ಮಶೀನಿನ ಕೆಂಪು ಗುರುತು ಬಲೆಯ ಅಡಿಯಿಂದ ಜಾರಿ, ಪಕ್ಕಕ್ಕೆ ಹರಿದು, ಉಳಿದ ಬೋಟುಗಳ ಕಡೆ ಹೋಯಿತು. ಬಲೆಯ ಬಾಯಿ ಮುಚ್ಚಿದಾಗ ಒಳಗೆ ಇದ್ದದ್ದು ನಾಲ್ಕು ಬುಟ್ಟಿ ಮೀನು.

ಮಧ್ಯಾಹ್ನ ಉಳಿದ ಮೂರು ಬೋಟುಗಳು ನೀರಿಗೆ ಅಂಚು ಮುಟ್ಟುವಷ್ಟು ತುಂಬಿಕೊಂಡು ಬಂದರಿಗೆ ಬಂದವು. ನಾಲ್ಕನೆಯದು ಹಗುರಾಗಿ ತೇಲುತ್ತ ಬಂತು. ಬೋಟು ಕಟ್ಟುವ ಧಕ್ಕೆಯ ಮೇಲೆ ನಿಂತವರು ನಕ್ಕರು. ವೈಜಯಂತಿ ಶೆಡ್ಡಿನ ಬಾಗಿಲಲ್ಲಿ ನಿಂತು ತುಳಸಿದಾಸನ ಮುಖ ನೋಡಿದಳು. ಬಹಳ ದಿನದ ಮೇಲೆ ಅವಳಿಗೆ ಹಸಿವಾಯಿತು. ಒಳಗೆ ಹೋಗಿ ಬುತ್ತಿ ಬಿಚ್ಚಿ, ಒಂದು ಅಗುಳೂ ಬಿಡದೆ ಉಂಡಳು.

ಮರುದಿನ ತುಳಸಿದಾಸ ಬಲೆಯನ್ನು ಧಕ್ಕೆಯ ಮೇಲೆ ಬಿಡಿಸಿ ಅಳೆಸಿದ. ಶೆಡ್ಡಿಗೆ ನುಗ್ಗಿದಾಗ ಅವನ ಮೆಲ್ಲಗಿನ ದನಿ ಎಲ್ಲೋ ಹೋಗಿತ್ತು.

"ಹತ್ತು ಕೂಡಿಸು ಅಂದ್ರೆ ಐದೂವರೆ ಕೂಡಿಸಿದ್ಯಲ್ಲೇ!"

"ಹತ್ತೇ ಕೂಡಿಸಿದ್ದೆ, ತುಳಸಿದಾಸಣ್ಣ. ಹತ್ತು ಮೀಟರು. ಜಾಳಿಗೆ ಬರೂದು ಮೀಟರಿನಲ್ಲಿ. ನೀವು ಮಾರು ಅನ್ಲಿಲ್ಲ."

"ಕಡಲಿನ ಆಳಕ್ಕೆ ಮೀಟರು ಯಾರು ಹೇಳ್ತಾರೆ? ಹುಟ್ಟಿದ ಮಗುಗೂ ಗೊತ್ತದೆ!"

"ನಂಗೆ ಗೊತ್ತಾಗ್ಲಿಲ್ಲ. ಬೇಕಾದ್ರೆ ನಾಗಜ್ಜನ ಹತ್ರ ಹೇಳಿ."

ಅವನು ಹೇಳಿಯೇ ಹೇಳಿದ. ನಷ್ಟ ಕಟ್ಟಿಕೊಡಲಿ, ಇನ್ನು ಮೇಲೆ ಇವಳ ಕೈಗೆ ಯಾವ ಬೋಟಿನ ಬಲೆಯೂ ಸಿಗಬಾರದು ಎಂದು ದೂರು ಕೊಟ್ಟ. ಭಾನುವಾರ ಸಂಜೆ ಬಿಸಿಲು ಇನ್ನೂ ಅಂಗಳದಲ್ಲಿರುವಾಗ ಹಿರಿಯರು ಜಗಲಿಯಲ್ಲಿ ಸೇರಿದರು. ಪಾಲುದಾರರು ಬಂದರು, ಖಲಾಸಿಗಳು ಬಂದರು. ಕಿಶನ ಬರಲಾರೆ ಅಂದಿದ್ದ. ಆ ಜಗಲಿ ಅವನಿಗೆ ಬೇಡವಾಗಿತ್ತು. ವೈಜಯಂತಿ ಕೈ ಹಿಡಿದು ಕರೆತಂದು ಗೋಡೆಯ ಬದಿಗೆ ಕೂರಿಸಿದಳು. ತಾನು ಕಂಬದ ಹಿಂದೆ ಹೋಗದೆ ಗಂಡಸರ ಎದುರು ನಿಂತಳು.

ತುಳಸಿದಾಸ ನಡೆದದ್ದನ್ನು ವಿವರಿಸಿದ. ಬಲೆ ಮೂವತ್ತೈದು ಮಾರು ಆಗಬೇಕಿತ್ತು, ಮೂವತ್ತು ಚಿಲ್ಲರೆಗೇ ನಿಂತಿತ್ತು, ಹಿಂಡು ಅಡಿಯಿಂದ ಜಾರಿತು. ಹಿರಿಯರು ತಲೆದೂಗಿದರು.

ನಾಗಜ್ಜ ವೈಜಯಂತಿಯ ಕಡೆ ತಿರುಗಿದ. "ನೀನೆಂತ ಹೇಳ್ತಿ, ಮಗಾ?"

"ಬಲೆ ಗಿಡ್ಡ ಆದದ್ದು ಹೌದು, ಅಜ್ಜಾ. ಆದ್ರೆ ಮೀನು ಹೋದದ್ದು ಅದ್ರಿಂದ ಅಲ್ಲ. ಮೀನು ಎಷ್ಟು ಆಳ ಇತ್ತು, ಮಂಜಣ್ಣನ ಕೇಳಿ."

ಮಂಜು ಎದ್ದ. "ಮಶೀನಿನಲ್ಲಿ ಅರವತ್ತು ಇತ್ತು, ಅಜ್ಜಾ. ನಾವೆಲ್ಲ ನೋಡಿದ್ವಿ."

"ಅರವತ್ತು," ಎಂದಳು ವೈಜಯಂತಿ. "ಕಡಲಿನ ಆಳ ಅಂದ್ರೆ ಮಾರೇ ಅಂತ ತುಳಸಿದಾಸಣ್ಣ ಹೇಳ್ತಾರೆ. ಅರವತ್ತು ಮಾರಿನ ಮೀನಿಗೆ ಮೂವತ್ತೈದು ಮಾರಿನ ಬಲೆ ಮುಟ್ತದಾ? ನಾನು ಹತ್ತು ಮಾರು ಪೂರ್ತಿ ಕೂಡಿಸಿದ್ರೂ ಅದು ಹೋಗೂದೇ ಅಲ್ವಾ? ಮತ್ತೆ ನನ್ನ ತಪ್ಪೆಂತದು?"

ಹಿರಿಯರು ಮುಖ ಮುಖ ನೋಡಿಕೊಂಡರು. "ಅದೂ ಹೌದಲ್ಲ," ಎಂದ ನಾಗಜ್ಜ. "ಅರವತ್ತು ಮಾರಿಗೆ ಈ ಬಲೆ ಹೇಗೆ ಇಳಿಸಿದ್ಯೋ, ತುಳಸಿದಾಸಾ?"

ಪಾಲುದಾರರು ಅವನನ್ನೇ ನೋಡುತ್ತಿದ್ದರು. ಬೋಟು ನಡೆಸುವ ತಾಂಡೇಲನಾಗಿ ಅವನು ಅಷ್ಟು ದಡ್ಡತನ ಮಾಡಿದ ಎಂದರೆ ನಷ್ಟವೆಲ್ಲ ಅವನ ತಲೆಗೇ. ತುಳಸಿದಾಸ ಕೈಯಾಡಿಸಿದ. "ಅರವತ್ತು ಮಾರು ಅಲ್ಲ, ಅಜ್ಜಾ! ಅರವತ್ತು ಮೀಟರು. ಮಾರಿನಲ್ಲಿ ಮೂವತ್ತಮೂರೇ ಆತದೆ. ಬಲೆ ಸರಿ ಇದ್ದಿದ್ರೆ ಅಡಿಗೆ ಹೋಗಿಯೇ ಹೋಗ್ತಿತ್ತು."

"ಮೀಟರು ಅಂತ ಯಾರು ಹೇಳ್ದ?" ಎಂದಳು ವೈಜಯಂತಿ. "ಈಗ ಸೋಲೂಕಾಯ್ತು ಅಂತ ಹೇಳ್ತಿರಾ?"

"ನನ್ನ ಮಶೀನು ಮೀಟರೇ ತೋರಿಸೂದು! ಇವತ್ತು ನಿನ್ನೆದಲ್ಲ. ಹಳೇ ಬೋಟಿಗೆ ರತ್ನಾಗಿರಿಯಿಂದ ತಂದ ದಿನದಿಂದ ಅದು ಮೀಟರಿನಲ್ಲೇ ಅದೆ. ಪಾಲುದಾರರ ಕೇಳಿ, ಫೋನಿನಲ್ಲೂ ಹೇಳಿದ್ದೆ."

"ಹೌದು, ಹೇಳಿದ್ದ," ಎಂದ ಪಾಲುದಾರರಲ್ಲೊಬ್ಬ.

ವೈಜಯಂತಿ ಆ ಮಾತು ಜಗಲಿಯ ಎಲ್ಲರ ಕಿವಿಗೂ ಇಳಿಯಲೆಂದು ಕಾದಳು. ತುಳಸಿದಾಸನ ಕಣ್ಣಿನಲ್ಲಿ ಏನೋ ಅಲುಗಿದ್ದನ್ನು ಕಂಡಳು. ತಾನು ಎಲ್ಲಿ ಕಾಲಿಟ್ಟೆ ಎಂದು ಅವನಿಗೆ ಆಗ ತಿಳಿಯಿತು.

"ಹಾಗಾದ್ರೆ," ಎಂದಳು ಅವಳು, "ನನ್ನ ಗಂಡನ ಬೆರಳು ಹೋದ ದಿನ ಆ ಮಶೀನು ತೋರಿಸಿದ ಹನ್ನೆರಡು ಯಾವುದು?"

ನಾಗಜ್ಜ ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದ. ಅವನಿಗಿಂತ ಮೊದಲು ಮಂಜುವಿಗೆ ಲೆಕ್ಕ ಸಿಕ್ಕಿತು.

"ಆರೂವರೆ," ಎಂದ ಮಂಜು. ಮುಖ ಕಪ್ಪಿಟ್ಟಿತ್ತು. "ಆರೂವರೆ ಮಾರು. ನೀನು ಹತ್ತು ಮಾರಿನ ಒಳಗಿದ್ದಿ. ದೇವರ ಎದುರು ನನ್ನ ಬಾಯಿಂದ ಹೇಳಿಸಿದ್ಯಲ್ಲ. ಥೂ!"

"ಅದು... ಅವತ್ತು ಮಾರಿಗೆ ಇಟ್ಟಿತ್ತೇನೋ, ನಂಗೆ ನೆನಪಿಲ್ಲ..." ತುಳಸಿದಾಸ ತೊದಲಿದ.

"ಈಗಷ್ಟೇ ಮೊದಲಿಂದ ಮೀಟರು ಅಂದಿ," ಎಂದ ನಾಗಜ್ಜ. "ನಮ್ಮೆಲ್ಲರ ಕೈಯಿಂದ ತಪ್ಪು ಮಾಡಿಸ್ದೆ."

ತುಳಸಿದಾಸ ಕಿಶನನ ಮುಂದೆ ಬಂದು ತಲೆ ತಗ್ಗಿಸಿ ಏನೋ ಗೊಣಗಿದ. "ಕೇಳ್ಲಿಲ್ಲ," ಎಂದಳು ವೈಜಯಂತಿ. ಅವನು ಮತ್ತೆ ಹೇಳಿದ. "ಅಂಗಳದವರಿಗೆ ಕೇಳ್ಲಿಲ್ಲ." ಮೂರನೆಯ ಸಲ ಅವನು ಕೂಗಿಯೇ ಹೇಳಬೇಕಾಯಿತು: ಗೊತ್ತಿದ್ದೂ ಒಳಗೆ ಬಂದಿದ್ದೆ, ಗೊತ್ತಿದ್ದೂ ಹನ್ನೆರಡು ಅಂದೆ, ತಪ್ಪಾಯಿತು. ಹಿರಿಯರಲ್ಲೊಬ್ಬರು, ಸಾಕು ಬಿಡು ಮಗಾ, ಅಂದರು. ಅವಳು ಅವರ ಕಡೆ ತಿರುಗಿಯೂ ನೋಡಲಿಲ್ಲ.

ಕೊನೆಗೆ ನಾಗಜ್ಜ ಅವಳನ್ನು ಕೇಳಿದ: "ಬಲೆ ನೀನು ಬೇಕಂತಲೇ ಗಿಡ್ಡ ಮಾಡಿದ್ದಾ?"

"ಹೌದು. ಬೇಕಂತಲೇ."

"ಆ ಬೋಟಿನಲ್ಲಿ ಮೂವತ್ತು ಮನೆಯವರ ಅನ್ನ ಅದೆ."

"ಗೊತ್ತಿತ್ತು, ಅಜ್ಜಾ."

ಅವಳು ಇನ್ನು ಬಲೆ ಮುಟ್ಟಬಾರದು ಎಂದು ಹಿರಿಯರು ಹೇಳಿದರು. ಅವಳು ಆಗಲಿ ಅಂದಳು. ಜಗಲಿ ಇಳಿಯುವಾಗ ಮಂಗಲಾ ಎದುರಾದಳು. ವೈಜಯಂತಿ ಮಾತಾಡಿಸಲು ಹೋದರೆ ಅವಳು ಸೆರಗು ಸರಿಮಾಡಿಕೊಂಡು ಪಕ್ಕಕ್ಕೆ ಸರಿದು ಹೋದಳು.

ಮನೆಗೆ ಬಂದ ಮೇಲೆ ಕಿಶನ ಹಿತ್ತಲಿನ ಕಲ್ಲಿನ ಮೇಲೆ ಕೂತ. ಅವನು ಅಳುತ್ತಾನೆ, ಇಲ್ಲವೇ ನಗುತ್ತಾನೆ ಎಂದುಕೊಂಡಿದ್ದಳು ವೈಜಯಂತಿ. ಅವನು ಕೇಳಿದ್ದು ಬೇರೆ.

"ನಿಂಗೆ ಯಾವಾಗ ಗೊತ್ತಾತು?"

"ಮಳೆಗಾಲದಲ್ಲಿ."

"ಮಳೆಗಾಲದಿಂದ ಗೊತ್ತಿತ್ತು. ನಾನು ದಿನಾ ಕೇಳ್ತಿದ್ದೆ, ನಾನೇ ತೇಲಿದ್ನಾ ಅಂತ. ನೀನು ಎದ್ದು ಒಳಗೆ ಹೋಗ್ತಿದ್ದಿ."

"ಹೇಳಿದ್ರೆ ನೀವು ಸುಮ್ನಿರ್ತಿರ್ಲಿಲ್ಲ. ಅಂವ ತಪ್ಪಿಸ್ಕೊಳ್ತಿದ್ದ."

"ತಪ್ಪಿಸ್ಕೊಂಡ್ರೆ ತಪ್ಪಿಸ್ಕೊಳ್ಲಿ," ಎಂದ ಕಿಶನ. "ನಂಗೆ ಅಷ್ಟೇ ಬೇಕಾಗಿತ್ತು, ವೈಜಯಂತಿ. ನಾನು ತೇಲ್ಲಿಲ್ಲ ಅನ್ನೂದೊಂದು."

ತಾನು ತಪ್ಪು ಮಾಡಿದೆ ಎಂದು ಅವಳಿಗೆ ಅನ್ನಿಸಲಿಲ್ಲ. ಅವನಿಗೆ ನೋವಾಯಿತೆಂದು ಮಾತ್ರ ಅನ್ನಿಸಿತು, ಆ ನೋವು ತನ್ನ ಲೆಕ್ಕದಲ್ಲಿ ಇರಲಿಲ್ಲವೆಂದು. ಅವನು ಕೆಲವು ದಿನ ಅವಳ ಜೊತೆ ಹೆಚ್ಚು ಮಾತಾಡಲಿಲ್ಲ. ಆದರೆ ಅದೇ ವಾರ ಮಂಜು ಮನೆಗೆ ಬಂದು, ಆ ಬೋಟು ಬಿಟ್ಟೆ, ಸಣ್ಣ ದೋಣಿ ಹಾಕುತ್ತೇನೆ, ನೀನು ನೀರು ತೋರಿಸು, ಬಲೆ ನಾನು ಎಳೆಯುತ್ತೇನೆ ಎಂದು ಕರೆದಾಗ, ಕಿಶನ ಎದ್ದು ಹೊರಟ.

ಉಳಿದ ಖಲಾಸಿಗಳೂ ತುಳಸಿದಾಸನನ್ನು ಒಬ್ಬೊಬ್ಬರಾಗಿ ಬಿಟ್ಟರು. ಗಿಡ್ಡ ಬಲೆಗೆ ಅವನು ಹೊಣೆಯಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಆದರೆ ನೀರಿನ ಆಳದ ಮಾತಿನಲ್ಲಿ ಮೋಸ ಮಾಡಿದ ತಾಂಡೇಲನ ಹಿಂದೆ ಕಡಲಿಗೆ ಹೋಗಲು ಯಾರ ಮನೆಯ ಹೆಂಗಸರೂ ಬಿಡಲಿಲ್ಲ. ಪಾಲುದಾರರು ಬೇರೆ ತಾಂಡೇಲನನ್ನು ತಂದರು. ದೀಪಾವಳಿಯ ಮೊದಲೇ ತುಳಸಿದಾಸ ಗೋವೆಯ ಬೋಟೊಂದಕ್ಕೆ ಬರೀ ಖಲಾಸಿಯಾಗಿ ಹೋದ.

ವೈಜಯಂತಿ ಅಂಕೋಲೆಯ ಮೀನುಪೇಟೆಯಲ್ಲಿ ಮೀನು ಮಾರತೊಡಗಿದಳು. ಕಿಶನ, ಮಂಜು ತಂದದ್ದರಲ್ಲಿ ಅವಳ ಪಾಲಿನ ಬುಟ್ಟಿ. ಮಂಗಲಾ ಶೆಡ್ಡು ಬಿಟ್ಟು, ಮಂಜುವಿನ ಪಾಲಿನ ಮೀನು ಹಿಡಿದು ಅದೇ ಪೇಟೆಯ ಇನ್ನೊಂದು ತುದಿಯಲ್ಲಿ ಕೂರುತ್ತಿದ್ದಳು, ಈ ಕಡೆ ನೋಡುತ್ತಿರಲಿಲ್ಲ.

ಒಂದು ಬೆಳಗ್ಗೆ ತುಳಸಿದಾಸನ ಹೆಂಡತಿ ಪ್ರೀತಿ ತಲೆಯ ಮೇಲೆ ಬುಟ್ಟಿ ಹೊತ್ತು ಪೇಟೆಗೆ ಬಂದಳು. ಅವಳು ಹಿಂದೆ ಎಂದೂ ಮೀನು ಮಾರಿದವಳಲ್ಲ. ಎಲ್ಲಿ ಕೂರಬೇಕೆಂದು ತಿಳಿಯದೆ ಸಾಲಿನುದ್ದಕ್ಕೂ ನಡೆದು, ವೈಜಯಂತಿಯ ಪಕ್ಕ ನೆರಳಿರುವ ಖಾಲಿ ಜಾಗ ನೋಡಿ ನಿಂತಳು. ಬುಟ್ಟಿಯಿಂದ ನೀರು ಅವಳ ಕೆನ್ನೆಯ ಮೇಲೆ ಇಳಿಯುತ್ತಿತ್ತು.

"ಸ್ವಲ್ಪ ಸರೀತಿರಾ, ವೈನಿ?"

ವೈಜಯಂತಿ ತನ್ನ ಬುಟ್ಟಿಯನ್ನು ಆ ಖಾಲಿ ಜಾಗಕ್ಕೆ ಎಳೆದುಕೊಂಡಳು.

"ಜಾಗ ಇಲ್ಲ," ಅಂದಳು.

ಪ್ರೀತಿ ಮುಂದೆ ಹೋದಳು. ಪೇಟೆಯ ಬಾಗಿಲ ಹೊರಗೆ, ಬಿಸಿಲಿನಲ್ಲಿ, ಬುಟ್ಟಿ ಇಳಿಸಿ ಕೂತಳು. ಗಿರಾಕಿಗಳನ್ನು ಕರೆಯಲು ಅವಳಿಗೆ ಬಾಯಿ ಬರುತ್ತಿರಲಿಲ್ಲ. ವೈಜಯಂತಿ ಇಲ್ಲಿಂದಲೇ ಅವಳನ್ನು ಆಗಾಗ ನೋಡುತ್ತ, ಜೋರಾಗಿ ಕೂಗಿ ಕರೆದು, ತನ್ನ ಬಂಗಡೆಯನ್ನೆಲ್ಲ ಮಧ್ಯಾಹ್ನಕ್ಕೆ ಮೊದಲೇ ಮಾರಿ ಮುಗಿಸಿದಳು.